ಚಿತ್ರ ನೋಡಿ ದೋಸೆ ತಿನ್ನೋಣ, ಬನ್ನಿ

ಮಂಡಕಳ್ಳಿ ಎಂದರೆ ಹೊರಗಿನವರಿಗೆ ವಿಮಾನ ನಿಲ್ದಾಣ. ಮೈಸೂರಿನಿಂದ ನಂಜನಗೂಡಿನ ಕಡೆಗೆ ಸುಮಾರು 10 ಕಿಲೋಮೀಟರ್ ಬಂದರೆ ರಸ್ತೆ ಪಕ್ಕದಲ್ಲೇ ಅದರ ಬೇಲಿ. ಮಹಾರಾಜರ ಕಾಲದಲ್ಲಿ, 1940ರಲ್ಲಿ ಇಲ್ಲಿ ವಿಮಾನ ಇಳಿಯಲು ಜಾಗ ಮಾಡಿದರು. ಈಗಿನ ನಿಲ್ದಾಣ ಉದ್ಘಾಟನೆಯಾದದ್ದು 2010ರಲ್ಲಿ. ಎಲ್ಲಿಂದಲೋ ಬಂದಿಳಿದ ಪ್ರವಾಸಿಗರು ಕಾರು ಹತ್ತಿ ನೇರವಾಗಿ ಅರಮನೆಗೆ ಹೋಗುತ್ತಾರೆ, ಚಿತ್ರಶಾಲೆ ನೋಡುತ್ತಾರೆ, ಮೈಸೂರು ಪಾಕ್ ಕಟ್ಟಿಸಿಕೊಂಡು ಮರಳುತ್ತಾರೆ. ಅವರು ನೋಡುವ ಮೈಸೂರನ್ನು ಇಲ್ಲೇ ಮನೆ ಕಟ್ಟಿಕೊಂಡ ನಾವು ನೋಡಿದ್ದೇವೆಯೇ?

ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಆಗಿ ನಿವೃತ್ತಳಾದವಳು ನಾನು. ಮೈಸೂರಿನ ಮಗ್ಗುಲಲ್ಲೇ ಹುಟ್ಟಿ ಬೆಳೆದ ಮಕ್ಕಳು ಜಗನ್ಮೋಹನ ಅರಮನೆಯ ಹೊಸಿಲು ದಾಟದೆ ಎಸ್ಸೆಸ್ಸೆಲ್ಸಿ ಮುಗಿಸುವುದನ್ನು ವರ್ಷವರ್ಷವೂ ಕಂಡಿದ್ದೇನೆ. ಅವರ ತಾಯಂದಿರೂ ದಾಟಿದವರಲ್ಲ. ನಮ್ಮ ಕಡೆಯವರು ಪೇಟೆಗೆ ಹೋಗುವುದೆಂದರೆ ದೊಡ್ಡಾಸ್ಪತ್ರೆಗೆ, ತಾಲ್ಲೂಕು ಕಚೇರಿಗೆ, ಮದುವೆ ಜವಳಿಗೆ. ಕೆಲಸ ಮುಗಿದ ಕೂಡಲೇ ಬಸ್ ಹಿಡಿದು ವಾಪಸ್. ಸುಮ್ಮನೆ ನೋಡುವುದಕ್ಕೆಂದು, ರುಚಿ ತಿಳಿಯುವುದಕ್ಕೆಂದು ಪೇಟೆಗೆ ಹೋಗಬಹುದು ಎಂಬ ಯೋಚನೆಯೇ ಬರುವುದಿಲ್ಲ.

ಅದಕ್ಕೇ ನಮ್ಮ ಬೀದಿಯವರು ಸೇರಿ ಒಂದು ತಂಡ ಮಾಡಿಕೊಂಡಿದ್ದೇವೆ. ಆಗಾಗ ಒಂದು ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಹೊರಡುತ್ತೇವೆ. ಸ್ತ್ರೀಶಕ್ತಿ ಸಂಘದ ಹೆಂಗಸರು, ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುವ ಇಬ್ಬರು ಹುಡುಗರು, ಪಕ್ಕದ ಮನೆ ಅಜ್ಜಿ, ಶಾಲೆಯ ಮಕ್ಕಳು ಎಲ್ಲರೂ ಇರುತ್ತಾರೆ. ಒಂದಿಷ್ಟು ಚಿತ್ರ, ಒಂದಿಷ್ಟು ತಿಂಡಿ, ಒಂದಿಷ್ಟು ನಡಿಗೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಹೆಂಗಸರಿಗೆ ಬಸ್ ಟಿಕೆಟ್ಟಿನ ಚಿಂತೆಯೂ ಇಲ್ಲ. ಹೀಗೆ ಸುತ್ತಿ ನನಗೆ ಮನದಟ್ಟಾದ ಸಂಗತಿ ಒಂದಿದೆ: ಮೈಸೂರಿನ ಚಿತ್ರವೂ ಮೈಸೂರಿನ ತಿಂಡಿಯೂ ಬೇರೆಬೇರೆ ವಿಷಯಗಳಲ್ಲ. ಎರಡನ್ನೂ ಬಹುಪಾಲು ಸಾಕಿದ್ದು ಅರಮನೆ. ಎರಡೂ ನಿಂತಿರುವುದು ಕೈಕಸುಬಿನ ಮೇಲೆ. ಎರಡೂ ಉಳಿಯಬೇಕಾದರೆ ಅವುಗಳ ಗುಣ ಗೊತ್ತಿರುವ ಜನ ಬೇಕು. ಹಾಗಾಗಿ ಎರಡನ್ನೂ ಒಂದೇ ಸಂಜೆ, ಒಟ್ಟಿಗೇ ನೋಡಬೇಕು.

ಹೊಸ ಫ್ಯಾಷನ್ ಏನಲ್ಲ

‘ಫುಡ್ ವಾಕ್’, ‘ಆರ್ಟ್ ವಾಕ್’ ಎಂಬ ಮಾತು ಈಚೆಗೆ ಕೇಳಿಬರುತ್ತಿದೆ. ಆದರೆ ಮೈಸೂರಿನವರಿಗೆ ಇದು ಹಳೆಯ ರೂಢಿ. ದಸರಾ ಬಂತೆಂದರೆ ಮನೆಮಂದಿಯೆಲ್ಲ, ನೆಂಟರಿಷ್ಟರ ಸಮೇತ, ‘ಎಕ್ಸಿಬಿಷನ್’ಗೆ ಹೋಗುವುದು ಇಲ್ಲಿಯ ಪದ್ಧತಿ. ಹತ್ತನೇ ಚಾಮರಾಜ ಒಡೆಯರ ಕಾಲದಿಂದ ನಡೆದುಬಂದ ಈ ವಸ್ತುಪ್ರದರ್ಶನದಲ್ಲಿ ಬೇಸಾಯದ ಸಲಕರಣೆಯಿಂದ ಹಿಡಿದು ಕಲಾವಿದರ ಚಿತ್ರಗಳವರೆಗೆ ಎಲ್ಲವನ್ನೂ ಇಡುತ್ತಿದ್ದರು. ಮಳಿಗೆ ಸುತ್ತಿ ಕಾಲು ಸೋತ ಮೇಲೆ ಮೆಣಸಿನಕಾಯಿ ಬಜ್ಜಿ, ಮುಖಕ್ಕಿಂತ ಅಗಲದ ಡೆಲ್ಲಿ ಹಪ್ಪಳ. ಹಪ್ಪಳದ ಮೇಲೆ ಉದುರಿಸಿದ ಖಾರದ ಪುಡಿ ಕೈಗೆ, ಮೂತಿಗೆ, ಹೊಸ ಅಂಗಿಗೆ ಮೆತ್ತಿಕೊಳ್ಳದೆ ಎಕ್ಸಿಬಿಷನ್ ಮುಗಿಯುತ್ತಲೇ ಇರಲಿಲ್ಲ. ಕಣ್ಣಿಗೂ ನಾಲಗೆಗೂ ಒಟ್ಟಿಗೆ ಬಡಿಸುವುದನ್ನು ಮೈಸೂರು ಹೀಗೆ ತಲೆಮಾರುಗಳಿಂದ ಮಾಡಿಕೊಂಡು ಬಂದಿದೆ.

ಈಗಲೂ ದಸರಾದಲ್ಲಿ ಆಹಾರ ಮೇಳ ನಡೆಯುತ್ತದೆ. ಬಿದಿರಿನ ಬೊಂಬಿನೊಳಗೆ ಅಕ್ಕಿ, ಮಾಂಸ, ಮಸಾಲೆ ತುಂಬಿ ಬೆಂಕಿಯಲ್ಲಿಟ್ಟು ಬೇಯಿಸುವ ಆದಿವಾಸಿಗಳ ಬೊಂಬು ಬಿರಿಯಾನಿಗೆ ಅಲ್ಲಿ ಸಾಲು ನಿಲ್ಲುತ್ತಾರೆ. ಪರಂಪರೆ ಇಲಾಖೆಯವರು ಪಾರಂಪರಿಕ ನಡಿಗೆ, ಟಾಂಗಾ ಸವಾರಿ ಏರ್ಪಡಿಸುತ್ತಾರೆ. ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು 2003ರಿಂದ ನಡೆಸಿಕೊಂಡು ಬಂದಿರುವ ಚಿತ್ರಸಂತೆಯಲ್ಲಿ ಒಂದು ದಿನದ ಮಟ್ಟಿಗೆ ಕುಮಾರಕೃಪಾ ರಸ್ತೆಯೇ ಚಿತ್ರಶಾಲೆಯಾಗುತ್ತದೆ. ಇವೆಲ್ಲ ವರ್ಷಕ್ಕೊಮ್ಮೆ ಬರುವ ಸಂಭ್ರಮ. ನಾನು ಹೇಳುತ್ತಿರುವುದು ಯಾವ ಭಾನುವಾರ ಬೇಕಾದರೂ ಹೋಗಿಬರಬಹುದಾದ ಸಂಜೆಯ ಮಾತು.

ಮೊದಲು ಜಗನ್ಮೋಹನ

ನಮ್ಮ ತಂಡದ ಕಟ್ಟಳೆ ಒಂದೇ: ಮೊದಲು ಚಿತ್ರ, ಆಮೇಲೆ ತಿಂಡಿ. ಚಿತ್ರಶಾಲೆ ಸಂಜೆ ಮುಚ್ಚಿಬಿಡುತ್ತದೆ, ಹೋಟೆಲು ಕಾಯುತ್ತದೆ. ಹೊಟ್ಟೆ ತುಂಬಿದ ಮೇಲೆ ಚಿತ್ರದ ಮುಂದೆ ನಿಲ್ಲುವ ತಾಳ್ಮೆಯೂ ಇರುವುದಿಲ್ಲ.

ಸಿಟಿ ಬಸ್ ನಿಲ್ದಾಣದಲ್ಲಿ ಇಳಿದರೆ ಜಗನ್ಮೋಹನ ಅರಮನೆಗೆ ನಡೆದೇ ಹೋಗಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಕಟ್ಟಿಸಿದ ಅರಮನೆ ಇದು. 1897ರಲ್ಲಿ ಹಳೆಯ ಮರದ ಅರಮನೆಗೆ ಬೆಂಕಿ ಬಿದ್ದಾಗ ರಾಜಮನೆತನಕ್ಕೆ ಆಸರೆಯಾದದ್ದು ಇದೇ. 1902ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ಸಮಾರಂಭ ನಡೆದದ್ದೂ ಇಲ್ಲಿಯೇ. 1915ರಲ್ಲಿ ಇದು ಚಿತ್ರಶಾಲೆಯಾಯಿತು. ಈಗ ಜಯಚಾಮರಾಜೇಂದ್ರ ಆರ್ಟ್ ಗ್ಯಾಲರಿ ಎಂದು ಹೆಸರು.

ಒಳಗೆ ಹೋದವರೆಲ್ಲ ಕೇಳುವ ಮೊದಲ ಪ್ರಶ್ನೆ, ‘ದೀಪ ಹಿಡ್ಕೊಂಡಿರೋ ಹುಡುಗಿ ಚಿತ್ರ ಎಲ್ಲಿದೆ?’ ಎಷ್ಟೋ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರುಗಳಲ್ಲಿ ಕಂಡ ಚಿತ್ರ. ಹೆಚ್ಚಿನವರು ಅದನ್ನು ರಾಜಾ ರವಿವರ್ಮನದು ಎಂದುಕೊಂಡಿದ್ದಾರೆ. ಬರೆದವರು ಸಾವಂತವಾಡಿಯಲ್ಲಿ ಹುಟ್ಟಿದ ಎಸ್.ಎಲ್. ಹಲ್ದಣಕರ್. ದೀಪಾವಳಿಯ ದಿನ ದೀಪ ಹಿಡಿದು ನಿಂತಿದ್ದ ತಮ್ಮ ಮಗಳು ಗೀತಾಳನ್ನೇ ಅವರು ಎದುರಿಗೆ ನಿಲ್ಲಿಸಿಕೊಂಡು ಬರೆದರು. ಆ ಗೀತಾ 102 ವರ್ಷ ಬಾಳಿ 2018ರಲ್ಲಿ ತೀರಿಕೊಂಡರು.

ನಮ್ಮ ತಂಡದವರನ್ನು ನಾನು ಆ ಚಿತ್ರದ ಮುಂದೆ ಸ್ವಲ್ಪ ಹೊತ್ತು ಮಾತಿಲ್ಲದೆ ನಿಲ್ಲಿಸುತ್ತೇನೆ. ಅದು ಜಲವರ್ಣ. ಎಣ್ಣೆ ಬಣ್ಣದಲ್ಲಾದರೆ ಕತ್ತಲೆಯ ಮೇಲೆ ಆಮೇಲೆ ಬೆಳಕು ಹಚ್ಚಬಹುದು. ಜಲವರ್ಣದಲ್ಲಿ ಬೆಳಕೆಂದರೆ ಕಾಗದದ ಬಿಳುಪೇ. ಎಲ್ಲಿ ಬೆಳಕು ಬೀಳಬೇಕೋ ಅಲ್ಲಿ ಬಣ್ಣವನ್ನು ತೀರ ತೆಳ್ಳಗೆ ಬಿಟ್ಟು, ಉಳಿದ ಕಡೆ ಪದರ ಪದರವಾಗಿ ಗಾಢ ಮಾಡುತ್ತ ಹೋಗಬೇಕು. ದೀಪಕ್ಕೆ ಅಡ್ಡವಾಗಿ ಹಿಡಿದ ಕೈಬೆರಳುಗಳ ಸಂದಿಯಲ್ಲಿ ಕೆಂಪಗೆ ಹಾಯುವ ಬೆಳಕು, ಗಲ್ಲದ ಕೆಳಗಿನ ಹೊಂಬಣ್ಣ, ಸೆರಗಿನ ಅಂಚು ಇವನ್ನು ಹಾಗೆ ಸಾಧಿಸಿದ್ದಾರೆ. ಒಮ್ಮೆ ನೀರು ಹೆಚ್ಚಾಗಿ ಹರಿದರೆ ತಿದ್ದಲಾಗದು. ಇಷ್ಟು ತಿಳಿಸಿದ ಮೇಲೆ ಮಕ್ಕಳು ಮತ್ತೊಮ್ಮೆ ಹತ್ತಿರ ಹೋಗಿ ಬೆರಳುಗಳನ್ನೇ ನೋಡುತ್ತಾರೆ. ಮೊದಲ ಸಲ ಅವರು ನೋಡಿದ್ದು ಹುಡುಗಿಯನ್ನು, ಎರಡನೆಯ ಸಲ ನೋಡುವುದು ಚಿತ್ರವನ್ನು.

ರವಿವರ್ಮನ ಅಸಲಿ ಚಿತ್ರಗಳೂ ಇಲ್ಲಿವೆ. ಮೈಸೂರು ಅರಮನೆಯ ಕೋರಿಕೆಯ ಮೇಲೆ ಆತ ಪುರಾಣದ ಪ್ರಸಂಗಗಳನ್ನು ಬರೆದುಕೊಟ್ಟದ್ದು ತನ್ನ ಕೊನೆಯ ವರ್ಷಗಳಲ್ಲಿ. ಆತ ತೀರಿಕೊಂಡದ್ದು 1906ರಲ್ಲಿ. ಸಮುದ್ರದಂಡೆಯ ಬಂಡೆಯ ಮೇಲೆ ಬಿಲ್ಲು ಹಿಡಿದು ನಿಂತು ವರುಣನ ಸೊಕ್ಕು ಮುರಿಯುವ ರಾಮ, ಗೆದ್ದು ಬಂದ ಇಂದ್ರಜಿತು ಇವೆಲ್ಲ ಆ ಕಾಲದವು. ಗೊಂಬೆಗಳು ಮೆರವಣಿಗೆ ಹೊರಡುವ ಫ್ರೆಂಚ್ ಗಡಿಯಾರ, ಭೂತಗನ್ನಡಿ ಹಿಡಿದು ನೋಡಬೇಕಾದ ಅಕ್ಕಿಕಾಳಿನ ಮೇಲಿನ ಚಿತ್ರ ಮಕ್ಕಳಿಗೆ ಇಷ್ಟ.

ಎಲ್ಲವನ್ನೂ ಒಂದೇ ದಿನ ನೋಡಿ ಮುಗಿಸಲು ಹೋಗಬೇಡಿ. ನಾವು ಒಂದು ಸಲಕ್ಕೆ ನಾಲ್ಕೈದು ಚಿತ್ರ ಆರಿಸಿಕೊಳ್ಳುತ್ತೇವೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಸಣ್ಣ ನೋಟ್‌ಬುಕ್ಕು, ಒಂದು ಪೆನ್ಸಿಲು. ಆ ದಿನ ಕಂಡದ್ದರಲ್ಲಿ ಒಂದನ್ನು ಬರೆಯಲೇಬೇಕು, ಚೆನ್ನಾಗಿ ಬರುತ್ತದೋ ಇಲ್ಲವೋ ಎಂಬುದು ಮುಖ್ಯವಲ್ಲ. ಬರೆಯುವುದಕ್ಕೆ ಕೂತಾಗಲೇ ಕಣ್ಣು ಕೆಲಸ ಮಾಡುವುದು.

ಹಿಟ್ಟಿನ ಹದ, ಚಿನ್ನದ ಹಾಳೆ

ಚಿತ್ರಶಾಲೆಯಿಂದ ಹೊರಬಿದ್ದು ನಾವು ಹೋಗುವುದು ಹಳೆಯ ಅಗ್ರಹಾರದ ಕಡೆಯ ಒಂದು ಮನೆಗೆ. ಅಲ್ಲಿ ಮೈಸೂರು ಸಾಂಪ್ರದಾಯಿಕ ಶೈಲಿಯ ಚಿತ್ರ ಬರೆಯುವ ಹಿರಿಯರೊಬ್ಬರಿದ್ದಾರೆ. ಮೊದಲೇ ಫೋನು ಮಾಡಿ ಕೇಳಿಕೊಂಡರೆ ಪಡಸಾಲೆಯಲ್ಲಿ ಚಾಪೆ ಹಾಸಿ ಕೂರಿಸಿ ತೋರಿಸುತ್ತಾರೆ.

ಈ ಶೈಲಿಯ ಬೇರು ವಿಜಯನಗರದಲ್ಲಿದೆ. 1565ರ ತಾಳಿಕೋಟೆ ಯುದ್ಧದ ನಂತರ ಚದುರಿಹೋದ ಚಿತ್ರಗಾರರ ಕುಟುಂಬಗಳಲ್ಲಿ ಕೆಲವು ದಕ್ಷಿಣಕ್ಕೆ ಬಂದವು. ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಅವರಿಗೆ ಆಶ್ರಯ ಕೊಟ್ಟರು. ಈ ಶೈಲಿ ತುಂಬ ಬೆಳೆದದ್ದು ಮುಮ್ಮಡಿಯವರ ಕಾಲದಲ್ಲಿ. ಯಾವ ದೇವತೆಗೆ ಯಾವ ಬಣ್ಣ, ಎಷ್ಟು ಕೈ, ಯಾವ ಆಯುಧ ಎಂಬುದನ್ನೆಲ್ಲ ಚಿತ್ರಸಮೇತ ವಿವರಿಸುವ ‘ಶ್ರೀತತ್ತ್ವನಿಧಿ’ ಅವರ ಆಸ್ಥಾನದಲ್ಲೇ ಸಿದ್ಧವಾಯಿತು. ಗಂಜೀಫ ಎಂಬ ದುಂಡನೆಯ ಇಸ್ಪೀಟು ಎಲೆಗಳಿಗೂ ಮುಮ್ಮಡಿಯವರು ಹೊಸ ಹೊಸ ಆಟಗಳನ್ನು ಹೆಣೆದು, ಅಂಗೈಯೊಳಗೆ ಅಡಗುವ ಆ ಎಲೆಗಳ ಮೇಲೆ ದೇವತೆಗಳನ್ನು ಬರೆಸಿದರು.

ಒಂದು ಸಲ ನಾವು ಹೋದಾಗ ಹಿರಿಯರು ಸರಸ್ವತಿಯ ಚಿತ್ರದಲ್ಲಿ ಒಡವೆಯ ಕೆಲಸಕ್ಕೆ ಕೈಹಾಕಿದ್ದರು. ಒಡವೆ, ಕಿರೀಟ, ಸೀರೆಯ ಅಂಚು, ಮಂಟಪದ ಕಂಬ ಇವು ಮೇಲ್ಮೈಯಿಂದ ತುಸು ಉಬ್ಬಿ ಬರಬೇಕು. ಅದಕ್ಕೆ ಬಿಳಿ ಸಫೇದ ಪುಡಿ ಮತ್ತು ಅಂಟು ಸೇರಿಸಿ ಅರೆದ ಸರಿ. ಕೂದಲೆಳೆಯಷ್ಟು ತೆಳುವಾದ ಕುಂಚದ ತುದಿಯಲ್ಲಿ ಅದನ್ನು ಎತ್ತಿ ಸರದ ಒಂದೊಂದು ಮಣಿಯನ್ನೂ ಚುಕ್ಕೆ ಚುಕ್ಕೆಯಾಗಿ ಇಡುತ್ತಿದ್ದರು.

ಪಕ್ಕದ ಮನೆ ಅಜ್ಜಿ ಕೇಳಿದರು, ‘ಎಷ್ಟು ಗಟ್ಟಿ ಇರ್ಬೇಕಪ್ಪಾ ಅದು?’

‘ದೋಸೆ ಹಿಟ್ಟಿನ ಹಾಗಮ್ಮ. ತೆಳ್ಳಗಾದ್ರೆ ಹರ್ಕೊಂಡು ಹೋಗುತ್ತೆ, ಗಟ್ಟಿಯಾದ್ರೆ ಒಣಗಿದ ಮೇಲೆ ಬಿರುಕು ಬಿಡುತ್ತೆ.’

‘ಅಳತೆ ಎಷ್ಟು ಮತ್ತೆ?’

‘ಅಳತೆ ಹೇಳೋಕಾಗಲ್ಲ. ಮಳೆಗಾಲಕ್ಕೊಂದು ಥರ, ಬೇಸಿಗೆಗೊಂದು ಥರ. ಕೈಗೆ ಗೊತ್ತಾಗುತ್ತೆ.’

ಅಜ್ಜಿಗೆ ಆ ಉತ್ತರ ಸಾಕಾಯಿತು. ಚಳಿಗಾಲದಲ್ಲಿ ಹಿಟ್ಟು ಹುಳಿ ಬರಲು ಎಷ್ಟು ಹೊತ್ತು, ಬೇಸಿಗೆಯಲ್ಲಿ ಎಷ್ಟು ಹೊತ್ತು ಎಂಬುದನ್ನು ಕೈಯಲ್ಲೇ ಇಟ್ಟುಕೊಂಡ ಹೆಂಗಸು ಅವರು. ಮುಂದಿನ ಅರ್ಧ ಗಂಟೆ ಅವರಿಬ್ಬರೂ ಸರೀಕರಂತೆ ಮಾತಾಡಿದರು. ಉಳಿದವರು ಕೇಳಿಸಿಕೊಂಡೆವು.

ಸರಿ ಒಣಗುತ್ತ ಬಂದಾಗ ಅದರ ಮೇಲೆ ಚಿನ್ನದ ಹಾಳೆ. ಉಸಿರು ಬಿಟ್ಟರೆ ಹಾರಿಹೋಗುವಷ್ಟು ತೆಳು. ಫ್ಯಾನು ಆರಿಸಿದರು, ಮಕ್ಕಳೆಲ್ಲ ಮೂಗು ಮುಚ್ಚಿಕೊಂಡರು. ಹಾಳೆಯನ್ನು ಕೂರಿಸಿ, ಮೇಲೊಂದು ತೆಳು ಕಾಗದ ಹಾಕಿ, ನುಣುಪು ಕಲ್ಲಿನಿಂದ ಮೆಲ್ಲಗೆ ಉಜ್ಜಿದರು. ಕಾಗದ ತೆಗೆದಾಗ ಸರದ ಮಣಿಗಳು ಮಿಂಚಿದವು. ತಂಜಾವೂರು ಚಿತ್ರದಲ್ಲಿ ಉಬ್ಬು ದಪ್ಪ, ನಡುನಡುವೆ ಗಾಜಿನ ಹರಳೂ ಕೂತಿರುತ್ತದೆ. ಮೈಸೂರಿನದರಲ್ಲಿ ಉಬ್ಬು ತೀರ ತೆಳು, ಸೂಕ್ಷ್ಮ ಗೆರೆಯ ಕೆಲಸವೇ ಪ್ರಧಾನ. ಅಂಗಡಿಯಲ್ಲಿ ನೋಡಿದಾಗ ಇವೆರಡನ್ನೂ ಬೇರೆ ಮಾಡಿ ಹೇಳಲು ಇಷ್ಟು ತಿಳಿದರೆ ಸಾಕು. ಹಿಂದೆ ಹುಣಿಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ಕರಡು ಬರೆಯುತ್ತಿದ್ದರು, ಅಳಿಲಿನ ಕೂದಲಿನ ಕುಂಚ, ಗಿಡ ಮತ್ತು ಖನಿಜದ ಬಣ್ಣ ಬಳಸುತ್ತಿದ್ದರು. ಈಗ ಬಣ್ಣ ಅಂಗಡಿಯದು. ಕೈ ಮಾತ್ರ ಹಳೆಯದೇ.

ಈ ಚಿತ್ರಗಳಿಗೆ ಭೌಗೋಳಿಕ ಗುರುತು, ಅಂದರೆ ಜಿಐ ಮಾನ್ಯತೆ ಸಿಕ್ಕಿದೆ. ಆದರೆ ಮಾನ್ಯತೆಯ ಪತ್ರ ಚಿತ್ರಗಾರನ ಮನೆ ನಡೆಸುವುದಿಲ್ಲ. ಯಂತ್ರದಲ್ಲಿ ಅಚ್ಚು ಹಾಕಿ ಹೊಳಪು ಬಳಿದ ಪ್ರತಿಯನ್ನೇ ‘ಮೈಸೂರು ಪೇಂಟಿಂಗ್’ ಎಂದು ಮಾರುವವರಿದ್ದಾರೆ, ವ್ಯತ್ಯಾಸ ತಿಳಿಯದೆ ಕೊಳ್ಳುವವರೂ ಇದ್ದಾರೆ. ಒಂದು ಸಲ ಎದುರಿಗೆ ಕೂತು ಈ ಕೆಲಸ ನೋಡಿದವರು ಹಾಗೆ ಮೋಸಹೋಗುವುದಿಲ್ಲ. ಚಿತ್ರ ಕೊಳ್ಳುವ ಶಕ್ತಿ ನಮ್ಮಲ್ಲಿ ಎಲ್ಲರಿಗೂ ಇಲ್ಲ. ಆದರೆ ನಮ್ಮ ಸಂಘದವರು ಸಾಲದ ಲೆಕ್ಕವೆಲ್ಲ ಮುಗಿದ ವರ್ಷ ಕೂಡಿಹಾಕಿದ ದುಡ್ಡಿನಲ್ಲಿ ಒಂದು ಪುಟ್ಟ ಗಜಲಕ್ಷ್ಮಿಯನ್ನು ಕೊಂಡುತಂದು ಸಂಘದ ಕೋಣೆಯಲ್ಲಿ ತೂಗುಹಾಕಿದ್ದಾರೆ.

ಮಾರ್ಕೆಟ್ಟಿನೊಳಗೆ

ಬಿಸಿಲು ಇಳಿಯುವ ಹೊತ್ತಿಗೆ ದೇವರಾಜ ಮಾರುಕಟ್ಟೆ. ಚಿಕ್ಕ ಗಡಿಯಾರದ ಕಡೆಯಿಂದ ಒಳಹೊಕ್ಕು ಧನ್ವಂತರಿ ರಸ್ತೆಯ ಕಡೆ ಹೊರಬಂದರೆ ಒಂದು ಸುತ್ತು. ಚಿಕ್ಕ ಗಡಿಯಾರ ಕಟ್ಟಿದ್ದು ವೈಸರಾಯ್ ಡಫರಿನ್ ಮೈಸೂರಿಗೆ ಬಂದ ನೆನಪಿಗೆ. ಪುರಭವನದ ಎದುರಿನ ದೊಡ್ಡ ಗಡಿಯಾರ ನಾಲ್ವಡಿಯವರ ಆಳ್ವಿಕೆಗೆ 25 ವರ್ಷ ತುಂಬಿದಾಗ, 1927ರಲ್ಲಿ ಎದ್ದದ್ದು. ಅದರ ಮುಖದ ಮೇಲಿನ ಅಂಕಿಗಳು ಕನ್ನಡದವು. ನಮ್ಮ ತಂಡದ ಮಕ್ಕಳಿಗೆ ಅದನ್ನು ಓದಿ ಗಂಟೆ ಹೇಳುವ ಪಂದ್ಯ ಇದ್ದೇ ಇರುತ್ತದೆ.

ಮಾರುಕಟ್ಟೆಯನ್ನು ಪ್ರವಾಸಿಗರು ಕ್ಯಾಮೆರಾ ಹಿಡಿದು ನೋಡುತ್ತಾರೆ. ಗೋಪುರದ ಹಾಗೆ ಒಟ್ಟಿದ ಕುಂಕುಮ, ಅರಿಶಿನ, ನೀಲಿ, ಹಸಿರು ಪುಡಿಗಳು ಫೋಟೋದಲ್ಲಿ ಸೊಗಸಾಗಿ ಬರುತ್ತವೆ. ನಂಜನಗೂಡು ರಸ್ತೆಯ ನಮಗೆ ಇದು ಬೇರೆಯೇ ಜಾಗ. ನಮ್ಮ ಸುತ್ತಮುತ್ತಲ ಊರುಗಳಿಂದ ಬರುವ ಹೂವು, ಹಣ್ಣು, ಎಲೆ ಇಲ್ಲಿ ಮಾರಾಟವಾಗುತ್ತದೆ. ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಗುರುತು ಇದೆ. ವೀಳ್ಯದೆಲೆಯ ತೋಟಗಳು ಒಂದು ಕಾಲಕ್ಕೆ ವಿದ್ಯಾರಣ್ಯಪುರದಿಂದ ನಂಜನಗೂಡು ರಸ್ತೆಯ ಉದ್ದಕ್ಕೂ ಇದ್ದವು. ಈಗ ಆ ಜಾಗದಲ್ಲಿ ಬಹುಪಾಲು ಮನೆಗಳೆದ್ದಿವೆ. ರಸಬಾಳೆ ಪನಾಮ ಸೊರಗು ರೋಗಕ್ಕೆ ಸಿಕ್ಕಿ ಕೈತಪ್ಪಿಯೇ ಹೋಗುವಂತಾಗಿತ್ತು. ತಾಜಾ ಚಿಪ್ಪು ಕಂಡರೆ ನಾವು ಚೌಕಾಸಿ ಮಾಡದೆ ಕೊಳ್ಳುತ್ತೇವೆ. ತೆಳು ಸಿಪ್ಪೆ, ಬೆಣ್ಣೆಯಂಥ ತಿರುಳು, ಸುಲಿದ ಕೂಡಲೇ ಹರಡುವ ಪರಿಮಳ ಇವನ್ನು ಮಕ್ಕಳಿಗೆ ಬಾಯಿಮಾತಿನಲ್ಲಿ ತಿಳಿಸಲಾಗದು. ಅರ್ಧರ್ಧ ಹಣ್ಣು ಕೈಗಿಟ್ಟರೆ ತಿಳಿಯುತ್ತದೆ.

ಈ ಕಟ್ಟಡಗಳ ಚಿಂತೆಯೂ ನಮಗಿದೆ. 2016ರಲ್ಲಿ ಮಾರುಕಟ್ಟೆಯ ಉತ್ತರದ ದ್ವಾರದ ಭಾಗ ಕುಸಿಯಿತು. ಅದಕ್ಕೂ ಮೊದಲು, 2012ರಲ್ಲಿ ಎದುರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ಜೀವಗಳೇ ಹೋದವು. ಹಳೆಯ ಪುಸ್ತಕ ಹುಡುಕಿಕೊಂಡು ನಾನು ಕಾಲೇಜು ದಿನಗಳಲ್ಲಿ ಅಲೆದ ಜಾಗ ಅದು. ಇವನ್ನು ಕೆಡವಿ ಹೊಸದಾಗಿ ಕಟ್ಟಬೇಕೋ, ಇದ್ದುದನ್ನೇ ಗಟ್ಟಿಮಾಡಬೇಕೋ ಎಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆ. ಏನೇ ಆಗಲಿ, ಆ ವಾದದಲ್ಲಿ ಅಂಗಡಿಯವರ ಬದುಕು, ಬಳಸುವ ಜನರ ಜೀವ ಎರಡಕ್ಕೂ ಬೆಲೆ ಇರಬೇಕು. ಒಂದು ಕಟ್ಟಡ ನಮ್ಮದು ಎನ್ನಿಸಬೇಕಾದರೆ ಅದರೊಳಗೆ ಓಡಾಡಿರಬೇಕು. ಓಡಾಡಿದವರು ಮಾತ್ರ ಅದರ ಪರವಾಗಿ ದನಿ ಎತ್ತುತ್ತಾರೆ.

ಪಾಕ

ಮಾರುಕಟ್ಟೆಯಿಂದ ಸಯ್ಯಾಜಿರಾವ್ ರಸ್ತೆಗೆ ಬಂದರೆ ಗುರು ಸ್ವೀಟ್ ಮಾರ್ಟ್. ಮೈಸೂರು ಪಾಕನ್ನು ಮೊದಲು ಮಾಡಿದವರೆಂದು ಹೆಸರಾದ, ನಾಲ್ವಡಿಯವರ ಅರಮನೆಯ ಬಾಣಸಿಗ ಕಾಕಾಸುರ ಮಾದಪ್ಪನವರ ವಂಶದವರ ಅಂಗಡಿ. ಕಡಲೆಹಿಟ್ಟು, ತುಪ್ಪ, ಸಕ್ಕರೆ ಮೂರೇ ಸಾಮಾನು. ಆದರೆ ಹಬ್ಬಕ್ಕೆ ಮನೆಯಲ್ಲಿ ಮಾಡಲು ಹೋದವರಿಗೆ ಗೊತ್ತು, ಅದು ಕಲ್ಲಾಗುವುದೂ ಕ್ಷಣದಲ್ಲಿ, ಹಲ್ವದಂತೆ ಮೆತ್ತಗಾಗುವುದೂ ಕ್ಷಣದಲ್ಲಿ.

ಒಳಗೆ ನಡೆಯುವುದು ಇಷ್ಟು. ಸಕ್ಕರೆ ಒಂದೆಳೆ ಪಾಕಕ್ಕೆ ಬಂದಾಗ ಹಿಟ್ಟು ಬೀಳುತ್ತದೆ. ಆಮೇಲೆ ಕಾದ ತುಪ್ಪವನ್ನು ಸೌಟು ಸೌಟಾಗಿ ಸುರಿಯುತ್ತ ಕೈಬಿಡದೆ ತಿರುವಬೇಕು. ತುಪ್ಪದ ಕಾವಿಗೆ ಪಾಕದಲ್ಲಿ ಉಳಿದ ನೀರು ಆವಿಯಾಗಿ ನೊರೆ ಏಳುತ್ತದೆ. ಆ ಆವಿ ಹೊರಹೋದ ದಾರಿಗಳೇ ತುಂಡಿನಲ್ಲಿ ಕಾಣುವ ಗೂಡುಗೂಡಾದ ರಂಧ್ರಗಳು. ತಟ್ಟೆಗೆ ಸುರಿದ ಮೇಲೆ ಅಂಚು ಬೇಗ ಆರುತ್ತದೆ, ನಡುವೆ ಕಾವು ಉಳಿಯುತ್ತದೆ. ಅದಕ್ಕೇ ಹಳೆಯ ಬಗೆಯ ಪಾಕನ್ನು ಕತ್ತರಿಸಿದಾಗ ಮೇಲೆ ಕೆಳಗೆ ಹಳದಿ, ನಡುವೆ ಕಂದು ಪಟ್ಟಿ ಇರುತ್ತದೆ. ಸಂಘದ ಅಧ್ಯಕ್ಷೆ ಈ ಪಟ್ಟಿಯನ್ನು ನೋಟ್‌ಬುಕ್ಕಿನಲ್ಲಿ ಬರೆದರು. ಅದಕ್ಕೆ ಮೂರು ಬಗೆಯ ಹಳದಿ ಬಣ್ಣ ಬೇಕೆಂದು ಮೊಮ್ಮಗಳ ಪೆನ್ಸಿಲು ಡಬ್ಬಿ ಇಸಿದುಕೊಂಡರು.

ಅರಮನೆಯ ಅಡುಗೆಮನೆಯಲ್ಲಿ ಹುಟ್ಟಿದ್ದು ಹೀಗೆ ರಸ್ತೆಗೆ ಬಂತು. ಅರಮನೆಯ ಚಿತ್ರಶಾಲೆಯಲ್ಲಿ ಕಲಿತವರ ಕೈಕೆಲಸವೂ ಅಗ್ರಹಾರದ ಪಡಸಾಲೆಗೆ ಬಂತು. ಅರಸೊತ್ತಿಗೆ ಮುಗಿದ ಮೇಲೆ ಎರಡಕ್ಕೂ ಆಧಾರ ಊರಿನ ಜನರೇ. ಸಿಹಿಗೆ ಆ ಆಧಾರ ಧಾರಾಳವಾಗಿ ಸಿಕ್ಕಿತು. ಚಿತ್ರಕ್ಕೆ ಅಷ್ಟು ಸಿಗಲಿಲ್ಲ. ನಮ್ಮ ಸಂಜೆಗಳ ಉದ್ದೇಶವೇ ಆ ಕೊರತೆಯನ್ನು ನಮ್ಮ ಬೀದಿಯ ಮಟ್ಟಿಗಾದರೂ ತುಂಬುವುದು.

ದೀಪ ಹತ್ತುವ ಹೊತ್ತು

ಭಾನುವಾರವನ್ನೇ ಆರಿಸುವುದಕ್ಕೆ ಕಾರಣ ಅರಮನೆಯ ದೀಪಾಲಂಕಾರ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನಗಳಂದು ಸಂಜೆ 7 ಗಂಟೆಗೆ ಸುಮಾರು 1 ಲಕ್ಷ ಬಲ್ಬುಗಳು ಒಟ್ಟಿಗೆ ಹತ್ತುತ್ತವೆ. ಅಂಗಳದಲ್ಲಿ ನಿಂತ ಜನರೆಲ್ಲ ‘ಓ’ ಎನ್ನುತ್ತಾರೆ. ಬೆಂಕಿಗೆ ತುತ್ತಾದ ಅರಮನೆಯ ಜಾಗದಲ್ಲಿ ಹೆನ್ರಿ ಇರ್ವಿನ್ನರ ನಕ್ಷೆಯಂತೆ 1912ರ ಹೊತ್ತಿಗೆ ಮುಗಿದ ಕಟ್ಟಡ ಇದು. 1902ರಲ್ಲಿ ಶಿವನಸಮುದ್ರದಲ್ಲಿ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹರಿಯಿತು, ಕೆಲವೇ ವರ್ಷಗಳಲ್ಲಿ ಬೆಂಗಳೂರು, ಮೈಸೂರಿಗೂ ಬಂತು. ಆ ಕಾಲದ ಜನಕ್ಕೆ ಈ ದೀಪಗಳು ಎಷ್ಟು ದೊಡ್ಡ ಬೆರಗಾಗಿದ್ದಿರಬೇಕು ಎಂದು ಪ್ರತಿಸಲವೂ ಅನ್ನಿಸುತ್ತದೆ.

ಹಗಲು ಹೊತ್ತು ಒಳಗೆ ಹೋಗಲು ಬಿಡುವಾದ ದಿನ ಕಲ್ಯಾಣ ಮಂಟಪದ ಗೋಡೆಗಳನ್ನು ನೋಡಲೇಬೇಕು. ದಸರಾ ಮೆರವಣಿಗೆಯ 26 ದೊಡ್ಡ ಚಿತ್ರಗಳು ಅಲ್ಲಿವೆ. ಆನೆ, ಕುದುರೆ, ಬ್ಯಾಂಡಿನವರ ಜೊತೆಗೆ ರಸ್ತೆ ಬದಿಯಲ್ಲಿ ನಿಂತು ನೋಡುತ್ತಿರುವ ಮೈಸೂರಿನ ಜನರನ್ನೂ ಕಲಾವಿದರು ಬರೆದಿದ್ದಾರೆ. ಅರಮನೆಯ ಗೋಡೆಯ ಮೇಲೆ ಸಾಮಾನ್ಯ ಜನ ಇರುವುದು ನನಗೆ ಬಹಳ ಹಿಡಿಸುವ ಸಂಗತಿ. ಇಲ್ಲಿಯ ಅಂಬಾವಿಲಾಸಕ್ಕೆ ಉಬ್ಬುಶಿಲ್ಪ ಮಾಡಿದ ಕೆ. ವೆಂಕಟಪ್ಪನವರು ಅರಮನೆಯ ಚಿತ್ರಗಾರರ ಮಗ. ಅರಸರ ನೆರವಿನಿಂದ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತು ಬಂದವರು.

ನಾಟಕ ಇರುವ ಭಾನುವಾರವಾದರೆ ನಮ್ಮ ಕಾಲು ರಂಗಾಯಣದ ಕಡೆಗೆ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು 2010ರಲ್ಲಿ ಬಯಲಿನಲ್ಲಿ, ರಾತ್ರಿಯಿಡೀ ಸುಮಾರು 9 ಗಂಟೆಗಳ ನಾಟಕವಾಗಿ ಆಡಿದ್ದು ಇಲ್ಲಿಯೇ. ‘ಬಹುರೂಪಿ’ ನಾಟಕೋತ್ಸವದ ದಿನಗಳಲ್ಲಿ ಆವರಣದ ತುಂಬ ಪುಸ್ತಕ, ಕರಕುಶಲ ವಸ್ತು, ಊಟತಿಂಡಿಯ ಮಳಿಗೆಗಳಿರುತ್ತವೆ. ನಾಟಕ ನೋಡಿ ಬಂದು ಬಿಸಿ ರೊಟ್ಟಿ ತಿನ್ನುತ್ತ ಆ ಪಾತ್ರ ಹಾಗೇಕೆ ಮಾಡಿತು ಎಂದು ವಾದ ಮಾಡುವ ಸುಖವೇ ಬೇರೆ.

ಕೊನೆಗೆ ದೋಸೆ

ದೋಸೆಯ ವಿಷಯದಲ್ಲಿ ಮೈಸೂರಿನಲ್ಲಿ ಒಮ್ಮತವಿಲ್ಲ, ಇರಬೇಕಾಗಿಯೂ ಇಲ್ಲ. ಗರಿಗರಿ ಬೇಕೆನ್ನುವವರು ಚಾಮುಂಡಿಪುರದ ಗಾಯತ್ರಿ ಟಿಫಿನ್ ರೂಮಿನ ಹೆಸರು ಹೇಳುತ್ತಾರೆ. ಬಲ್ಲಾಳ್ ಸರ್ಕಲಿನ ಮಹೇಶ್ ಪ್ರಸಾದಕ್ಕೂ ಅದರದೇ ಅಭಿಮಾನಿಗಳಿದ್ದಾರೆ. ಮಾಂಸದೂಟದವರು ಮಂಡಿ ಮೊಹಲ್ಲಾದ ಹನುಮಂತು ಹೋಟೆಲಿನ ಪಲಾವಿಗಾಗಿ ಇನ್ನೊಂದು ದಿನವನ್ನೇ ಎತ್ತಿಡುತ್ತಾರೆ. ನಮ್ಮ ತಂಡದ ಬಹುಮತ ನಜರ್‌ಬಾದಿನ ಮೈಲಾರಿಗೆ.

ಅಲ್ಲಿಯದು ಪುಟ್ಟ ಜಾಗ, ಕೆಲವೇ ಮೇಜು. ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿ, ಪೊರಕೆಯಿಂದ ಗುಡಿಸಿ, ಹಿಟ್ಟು ಹುಯ್ದು ಸೌಟಿನ ಬೆನ್ನಿನಿಂದ ತಿರುವುತ್ತಾರೆ. ನೀರು ಚಿಮುಕಿಸುವುದು ಕಾವಲಿಯ ಮೇಲ್ಮೈಯ ಕಾವು ತಗ್ಗಿಸಲು. ಕಾವು ಹೆಚ್ಚಿದ್ದರೆ ಹಿಟ್ಟು ಬಿದ್ದಲ್ಲೇ ಹಿಡಿದುಕೊಳ್ಳುತ್ತದೆ, ಹರಡುವುದಿಲ್ಲ. ಬೇರೆಡೆ ‘ಮೈಸೂರು ಮಸಾಲೆ’ ಎಂದು ಕೊಡುವ, ಒಳಗೆ ಕೆಂಪು ಚಟ್ನಿ ಸವರಿದ ಗರಿಗರಿ ದೋಸೆಗೂ ಇದಕ್ಕೂ ಸಂಬಂಧವಿಲ್ಲ. ಇದು ಮೆತ್ತನೆಯದು. ಒಳಗೆ ಸಾಗು, ಮೇಲೆ ಕರಗುತ್ತ ಹರಿಯುವ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ.

ಆ ದಿನ ಅಜ್ಜಿ ದೋಸೆಯ ಅಂಚನ್ನು ಮುರಿದು, ಒಳಮೈಯನ್ನು ಬೆಳಕಿಗೆ ಹಿಡಿದು ನೋಡಿದರು. ‘ಹಿಟ್ಟು ಸರಿಯಾಗಿ ಹುದುಗಿದೆ. ಗೂಡು ನೋಡು ಹೆಂಗದೆ’ ಎಂದು ವಿಮಾನ ನಿಲ್ದಾಣದ ಹುಡುಗನಿಗೆ ತೋರಿಸಿದರು. ಅವನು ಅಷ್ಟು ಹೊತ್ತಿಗೆ ಎರಡನೆಯ ದೋಸೆಗೆ ಹೇಳಿದ್ದವನು ಕೈ ನಿಲ್ಲಿಸಿ ನೋಡಿದ. ಚಿತ್ರಶಾಲೆಯಲ್ಲಿ ಹತ್ತಿರ ಹೋಗಿ ಬೆರಳು ನೋಡಿದ ಹಾಗೆಯೇ ನೋಡಿದ. ನನಗೆ ಬೇಕಾದದ್ದು ಇದೇ. ನೋಡುವ ಅಭ್ಯಾಸ ಒಂದು ಕಡೆ ಹತ್ತಿದರೆ ಇನ್ನೊಂದು ಕಡೆಗೂ ಬರುತ್ತದೆ.

ಹೊಟ್ಟೆಯಲ್ಲಿ ಇನ್ನೂ ಜಾಗವಿದ್ದವರಿಗೆ ಚುರುಮುರಿ. ಪುರಿಗೆ ತುರಿದ ಕ್ಯಾರೆಟ್, ಈರುಳ್ಳಿ, ಟೊಮ್ಯಾಟೊ, ಖಾರ, ಒಂದಿಷ್ಟು ಕೊಬ್ಬರಿ ಎಣ್ಣೆ, ನಿಂಬೆರಸ ಹಾಕಿ ಕಲಸಿ ಪೊಟ್ಟಣದಲ್ಲಿ ಕೊಡುತ್ತಾರೆ. ಗಾಡಿಯವನ ಕೈ ಓಡುವ ಲಯ ನೋಡುತ್ತ ನಿಲ್ಲುವುದೂ ಒಂದು ಪ್ರದರ್ಶನವೇ.

ನೀವು ಹೊರಡುವುದಾದರೆ

ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚು ಬೇಡ. ಹೆಚ್ಚಾದರೆ ಚಿತ್ರದ ಮುಂದೆ ಎಲ್ಲರಿಗೂ ಜಾಗ ಸಿಗುವುದಿಲ್ಲ, ಹೋಟೆಲಿನಲ್ಲೂ ಸಿಗುವುದಿಲ್ಲ. ಅಜ್ಜಿ ಮೊಮ್ಮಕ್ಕಳು ಇಬ್ಬರೂ ಇರಲಿ. ಪ್ರಶ್ನೆ ಮಕ್ಕಳಿಂದ ಬರುತ್ತದೆ, ಉತ್ತರದ ಅರ್ಧ ಹಿರಿಯರಲ್ಲಿ ಇರುತ್ತದೆ. ಚಿತ್ರಶಾಲೆಯ ಸಮಯವನ್ನು ಮೊದಲೇ ವಿಚಾರಿಸಿ. ಕಲಾವಿದರ ಮನೆಗೆ ಹೇಳಿಯೇ ಹೋಗಿ, ಅವರ ಹೊತ್ತಿಗೆ ತಕ್ಕ ಗೌರವಧನ ಕೊಡಿ. ತಲಾ ಇಷ್ಟೆಂದು ದುಡ್ಡು ಒಟ್ಟುಗೂಡಿಸಿ ಒಬ್ಬರ ಕೈಗೆ ಕೊಟ್ಟುಬಿಟ್ಟರೆ ಬಿಲ್ಲಿನ ಗೊಂದಲವಿಲ್ಲ. ತಿಂಡಿಯನ್ನು ಹಂಚಿಕೊಳ್ಳಿ, ಹಾಗಾದರೆ ಒಂದೇ ಸಂಜೆ ನಾಲ್ಕು ಕಡೆ ರುಚಿ ನೋಡಬಹುದು, ಸಕ್ಕರೆ ಕಾಯಿಲೆಯವರಿಗೂ ಒಂದು ತುಣುಕು ಪಾಕ್ ಸಿಗುತ್ತದೆ. ಸಿಹಿಗೆ ಸ್ಟೀಲ್ ಡಬ್ಬಿ, ನೀರಿಗೆ ಬಾಟಲಿ ಮನೆಯಿಂದಲೇ ಒಯ್ಯಿರಿ. ಕೊನೆಯ ಬಸ್ಸಿನ ಹೊತ್ತು ನೆನಪಿರಲಿ.

ಮೈಸೂರಿನವರೇ ಆಗಬೇಕೆಂದಿಲ್ಲ. ಧಾರವಾಡದವರಿಗೆ ಪೇಡೆಯೂ ಇದೆ, ಹಿಂದೂಸ್ತಾನಿ ಸಂಗೀತದ ಮನೆಗಳೂ ಇವೆ. ಬೀದರಿನವರಿಗೆ ಬಿದರಿ ಕಲೆ ಇದೆ. ಚನ್ನಪಟ್ಟಣದವರಿಗೆ ಗೊಂಬೆ ಕಡೆಯುವ ಕೇರಿಗಳಿವೆ. ಕೆಲಸ ನಡೆಯುವ ಜಾಗ, ತಿನ್ನುವ ಜಾಗ ಎರಡನ್ನೂ ಸೇರಿಸಿ ಒಂದು ಸಂಜೆ ಹೆಣೆಯುವುದು ಯಾವ ಊರಿನವರಿಗೂ ಕಷ್ಟವಲ್ಲ.

ನಮ್ಮ ಕಸುಬುಗಳು ಅಳಿಯುತ್ತಿವೆ ಎಂದು ಸಭೆಗಳಲ್ಲಿ ಕೇಳುತ್ತಲೇ ಇರುತ್ತೇವೆ. ಕಸುಬುದಾರ ಕಾಯುತ್ತಿರುವುದು ಮರುಕಕ್ಕಲ್ಲ, ಗುಣ ಗುರುತಿಸುವ ಗಿರಾಕಿಗೆ. ಒಳ್ಳೆಯ ದೋಸೆ ಯಾವುದೆಂದು ಮೈಸೂರಿನ ಪ್ರತಿ ಮನೆಗೂ ಗೊತ್ತಿರುವುದರಿಂದಲೇ ಇಲ್ಲಿ ಕೆಟ್ಟ ದೋಸೆಯ ಹೋಟೆಲು ಬಾಳುವುದಿಲ್ಲ. ಒಳ್ಳೆಯ ಚಿತ್ರ ಯಾವುದೆಂದು ಅಷ್ಟೇ ಮನೆಗಳಿಗೆ ಗೊತ್ತಾದ ದಿನ ಅಗ್ರಹಾರದ ಆ ಪಡಸಾಲೆಯಲ್ಲಿ ಕಲಿಯುವ ಹುಡುಗರು ಕೂತಿರುತ್ತಾರೆ. ಅದಕ್ಕೆ ಬೇಕಾದದ್ದು ಬೀದಿಯವರ ಒಪ್ಪಿಗೆ ಮತ್ತು ಒಂದು ಬಿಡುವಿನ ಭಾನುವಾರ.